ಖಾಲಿ ಸೀಟಿಗೂ ತೆರಿಗೆ

ಪ್ರಚಾರದ ಆಟೊಗಳಿಗೆ ಧ್ವನಿ ಕೊಡುವ ಕೆಲಸಕ್ಕೆ ಈಗ ಬರುತ್ತಿರುವ ಹುಡುಗಿಯರು ನನ್ನನ್ನು ಕಂಡಾಗ ಕೇಳುವುದು ಒಂದೇ ಪ್ರಶ್ನೆ: ಇಷ್ಟು ವರ್ಷ ಗಂಟಲು ಹೇಗೆ ಕಾಪಾಡಿಕೊಂಡಿರಿ? ಜೇಷ್ಠಮಧು, ಬಿಸಿನೀರು ಎಂದು ಏನಾದರೂ ಹೇಳುತ್ತೇನೆಂದು ಕಾಯುತ್ತಾರೆ. ಗಂಟಲು ಯಾರದೂ ಅಷ್ಟು ಬೇಗ ಕೆಡುವುದಿಲ್ಲ. ಮೊದಲು ಕೆಡುವುದು ಕಿವಿ. ಒಂದೇ ಸಾಲನ್ನು ದಿನವಿಡೀ ಹೇಳಿ ಹೇಳಿ, ನಾವು ಏನು ಹೇಳುತ್ತಿದ್ದೇವೆಂಬುದೇ ನಮಗೆ ಕೇಳಿಸದಂತಾಗುತ್ತದೆ. ನನಗೂ ಹಾಗೆಯೇ ಆಗಿತ್ತು. ಟೆಂಪೋ ಮಾಲೀಕರು ರಸ್ತೆ ತೆರಿಗೆ ಏರಿಕೆಯ ವಿರುದ್ಧ ಎದ್ದು ನಿಂತ ಆ ದಿನಗಳಲ್ಲಿ ನನ್ನ ಕಿವಿ ಮತ್ತೆ ತೆರೆಯಿತು. ನೆನೆಸಿಕೊಂಡರೆ ಈಗಲೂ ಮೈ ಜುಮ್ಮೆನ್ನುತ್ತದೆ. ಅದನ್ನು ಹೇಳುವ ಮೊದಲು ಈ ಕೆಲಸ ಎಂಥದ್ದೆಂದು ಸ್ವಲ್ಪ ಹೇಳಬೇಕು.

ರೋಣದಲ್ಲಿ ನಮ್ಮ ಮನೆ ಬಾಷಾಸಾಬರ ಮೈಕ್ ಸೆಟ್ ಅಂಗಡಿಯ ಹಿಂದೆಯೇ ಇತ್ತು. ನಾನು ಮಾಳಿಗೆಯ ಮೇಲೆ ನಿಂತು ತಮ್ಮನನ್ನು ಊಟಕ್ಕೆ ಕೂಗುವುದನ್ನು ಅವರು ದಿನಾ ಕೇಳುತ್ತಿದ್ದರಂತೆ. ಒಂದು ದಿನ ನೇರವಾಗಿ ನಮ್ಮಪ್ಪನ ಮುಂದೆ ಬಂದು ಕೂತರು.

"ನಿಮ್ಮ ಶಾಂತಾನ ದನಿ ನನ್ನ ಅಂಗಡ್ಯಾಗಿನ ಹಾರ್ನಿಗಿಂತ ದೂರ ಹೋಗತೈತ್ರಿ. ನನ್ನ ಕಡೆ ಕಳಸ್ರಿ, ನನ್ನ ಮಗಳಂಗ ನೋಡ್ಕೋತೀನಿ."

ಅಪ್ಪ ಒಪ್ಪುವುದಕ್ಕೆ ಭಾಳ ದಿನ ಹಿಡಿಯಿತು. ನನಗೆ ಒಂದು ಗಳಿಗೆಯೂ ಬೇಕಾಗಲಿಲ್ಲ. ಮೊದಲ ಕೆಲಸ ವಿದ್ಯುತ್ ನಿಲುಗಡೆಯ ಪ್ರಕಟಣೆ. ಮೈಕ್ ಕೈಗೆ ಬಂದ ಸಂಭ್ರಮದಲ್ಲಿ ಮಾಳಿಗೆಯ ಮೇಲೆ ನಿಂತವಳಂತೆಯೇ ಕಿರುಚಿದೆ. ಹಾರ್ನ್ ಕೀರಲು ದನಿ ತೆಗೆಯಿತು, ಕಟ್ಟಿದ ಎಮ್ಮೆಯೊಂದು ಗೂಟ ಕಿತ್ತುಕೊಂಡು ಓಡಿತು. ಬಾಷಾಸಾಬರು ನಗುತ್ತ ಮೈಕನ್ನು ನನ್ನ ಬಾಯಿಯಿಂದ ಒಂದು ಗೇಣು ದೂರ ಸರಿಸಿದರು.

"ಮೈಕ್ ಐತಿ ಅಂದ ಮ್ಯಾಲ ಕೂಗೂದ್ಯಾಕ? ಬಾಜೂ ಮನಿಯಾಕಿಗಿ ಹೇಳಿದಂಗ ಹೇಳು."

ಊರು ಊರಿಗೂ ಹೇಗೆ ಬೇರೆ ಬೇರೆಯಾಗಿ ಮಾತಾಡಬೇಕೆಂದು ಕಲಿಸಿದವರೂ ಅವರೇ. ನರಗುಂದದ ಪೇಟೆಯಲ್ಲಿ ವ್ಯಾಪಾರಸ್ಥರು ಅರ್ಧ ಕಿವಿಯಲ್ಲಿ ಕೇಳುತ್ತಾರೆ, ಅಲ್ಲಿ ವಿಷಯ ಮೊದಲು, ನಮಸ್ಕಾರ ಆಮೇಲೆ. ಗಜೇಂದ್ರಗಡದಲ್ಲಿ ಗುಡ್ಡಕ್ಕೆ ಬಡಿದ ದನಿ ಹಿಂದಕ್ಕೆ ಬರುತ್ತದೆ, ಅದು ಬರುವವರೆಗೆ ತಡೆದು ಮುಂದಿನ ಸಾಲು ಹೇಳಬೇಕು. ಇಳಿಜಾರಿನಲ್ಲಿ ಹೆಸರು ಹೇಳಬಾರದು, ತಿರುವಿನಲ್ಲಿ ತಾರೀಕು ಹೇಳಬಾರದು. ಇವೆಲ್ಲ ಎಲ್ಲಿಯೂ ಬರೆದಿಟ್ಟ ಪಾಠಗಳಲ್ಲ.

ಪ್ರಮಾದಗಳೂ ಆದವು. ಎಲ್ಲಕ್ಕಿಂತ ದೊಡ್ಡದು ಚಿಕ್ಕನರಗುಂದದ್ದು. ಊರಿನ ಹಿರಿಯರೊಬ್ಬರು ತೀರಿಕೊಂಡಿದ್ದರು. ಅದೇ ಹೆಸರಿನ ಇನ್ನೊಬ್ಬರೂ ಆ ಊರಲ್ಲಿದ್ದರು, ಬರೀ ಮನೆತನದ ಹೆಸರು ಬೇರೆ. ನಾನು ಅದನ್ನು ಅದಲು ಬದಲು ಮಾಡಿ ಅಂತ್ಯಕ್ರಿಯೆಯ ವೇಳೆಯನ್ನು ಎರಡು ಓಣಿಯಲ್ಲಿ ಸಾರಿಬಿಟ್ಟೆ. ಮೂರನೇ ಓಣಿಯಲ್ಲಿ ಅಡ್ಡಪಂಚೆಯ ಮುದುಕರೊಬ್ಬರು ಬಂದು ಆಟೊದ ಮುಂದೆ ನೆಲದ ಮೇಲೆಯೇ ಕೂತರು.

"ಹೇಳವ್ವ, ಹೇಳು. ನನ್ನ ಮಣ್ಣು ಎಷ್ಟು ಗಂಟೆಕ್ಕ ಅಂದಿ? ಜಳಕ ಮಾಡ್ಕೊಂಡು ತಯಾರಾಗತೀನಿ."

ನನಗೆ ನೆಲವೇ ಬಾಯಿಬಿಡಬಾರದೇ ಎನಿಸಿತು. ಅವರು ಮಾತ್ರ ನಮಗೆ ಚಹಾ ಕುಡಿಸಿ, ತಾವೂ ಆಟೊದಲ್ಲಿ ಹತ್ತಿ ಕೂತು, ಹಿಂದಿನ ಎರಡು ಓಣಿಗಳಲ್ಲಿ ಮೈಕ್ ಹಿಡಿದು "ನಾ ಇನ್ನೂ ಇದ್ದೇನ್ರಪಾ" ಎಂದು ಸಾರಿದರು. ಅಂದಿನಿಂದ ಸಾವಿನ ಸುದ್ದಿ ಬಂದರೆ ಮನೆಗೆ ಹೋಗಿ ಕೇಳಿ ಬಾರದೆ ಮೈಕ್ ಮುಟ್ಟಲಿಲ್ಲ.

ಆಮೇಲೆ ಪೆನ್ ಡ್ರೈವ್ ಬಂತು. ಅಂಗಡಿಯ ಹಿಂದಿನ ಕೋಣೆಗೆ ಗಾದಿ, ಕಂಬಳಿ ಹೊಡೆದು ಬಾಷಾಸಾಬರು ರೆಕಾರ್ಡಿಂಗ್ ರೂಮು ಮಾಡಿದರು. ಬೆಳಿಗ್ಗೆ ಒಮ್ಮೆ ಓದಿ ಬಿಟ್ಟರೆ ನನ್ನ ದನಿ ಊರೂರು ತಿರುಗುತ್ತಿತ್ತು, ನಾನು ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ನಮ್ಮ ಪ್ರಚಾರದ ಆಟೊ ಓಡಿಸುತ್ತಿದ್ದ ಮಲ್ಲಪ್ಪ ನಮ್ಮ ಮನೆಯ ಮುಂದೆ ಹಾಯ್ದು ಹೋಗುವಾಗ ಬೇಕೆಂದೇ ದನಿ ಏರಿಸುತ್ತಿದ್ದ. ನಾನೇ ನನಗೆ ಹತ್ತಿ ಬೀಜ ಮಾರುತ್ತಿದ್ದೆ, ಸೀರೆ ರಿಯಾಯಿತಿ ಹೇಳುತ್ತಿದ್ದೆ. ಕೆಲಸ ಸುಲಭವಾಯಿತು. ಆದರೆ ಕೇಳುವವರ ಮುಖ ಕಾಣದಾಯಿತು. ನನ್ನ ಕಿವಿ ಕೆಟ್ಟದ್ದು ಆ ಕೋಣೆಯೊಳಗೆ ಎಂದು ಈಗ ಅನಿಸುತ್ತದೆ. ಈಗಂತೂ ಕಂಪ್ಯೂಟರೇ ಮಾತಾಡುತ್ತದೆ. ಮುಶಿಗೇರಿಯನ್ನು ಅದು ಮುಷಿಗೆರೆ ಎನ್ನುವುದನ್ನು ಕೇಳಿದಾಗ ನಗು ಬರುತ್ತದೆ.

ಬಾಷಾಸಾಬರದು ಒಂದು ಕಟ್ಟುನಿಟ್ಟು ಇತ್ತು. ದುಡ್ಡು ಕೊಟ್ಟವರ ಮಾತನ್ನು ಇದ್ದಂತೆ ಓದಬೇಕು, ನಮ್ಮದು ಒಂದಕ್ಷರ ಸೇರಿಸಬಾರದು. ಚುನಾವಣೆಯಲ್ಲಿ ಎದುರಾಬದುರಾ ನಿಂತ ಇಬ್ಬರಿಗೂ ನಾನೇ ಮತ ಕೇಳಿದ್ದೇನೆ. ಯಾರೂ ತಪ್ಪು ತಿಳಿದಿರಲಿಲ್ಲ.

ಲಾಕ್‌ಡೌನ್ ಮುಗಿದ ಮೇಲಿನ ಆ ಕಾಲವನ್ನು ಈ ಹುಡುಗಿಯರು ಚಿಕ್ಕವರಿದ್ದಾಗ ನೋಡಿರಬೇಕು. ಬಾಗಿಲು ತೆರೆದಿದ್ದರೂ ಪೇಟೆ ಎದ್ದಿರಲಿಲ್ಲ. ಗಜೇಂದ್ರಗಡದಲ್ಲಿ ಮಗ್ಗಗಳು ಒಂದು ದಿನ ನಡೆದರೆ ಎರಡು ದಿನ ಸುಮ್ಮನಿರುತ್ತಿದ್ದವು. ಮದುವೆಗಳು ಮನೆಯೊಳಗೇ ಮುಗಿದವು, ನಮ್ಮ ಹಾರ್ನುಗಳ ಮೇಲೆ ಧೂಳು ಕೂತಿತು. ಟೆಂಪೋಗಳು ನಿಲ್ದಾಣದಲ್ಲಿ ಸಾಲಾಗಿ ನಿಂತು ಗಿರಾಕಿಗಳನ್ನು ಕಾಯುತ್ತಿದ್ದವು. ಅಂಥ ಹೊತ್ತಿನಲ್ಲಿ ಸರ್ಕಾರ ಟೆಂಪೋ, ಗೂಡ್ಸ್ ಗಾಡಿಗಳ ರಸ್ತೆ ತೆರಿಗೆಯನ್ನು ಏರಿಸಿತು. ಟೆಂಪೋದ ತೆರಿಗೆ ಸೀಟಿನ ಲೆಕ್ಕದ್ದು. ಸೀಟಿನಲ್ಲಿ ಜನ ಕೂತರೂ ಅಷ್ಟೇ, ಬಿಟ್ಟರೂ ಅಷ್ಟೇ.

ತೆರಿಗೆ ಕಟ್ಟಿಸುವ ಪ್ರಕಟಣೆಯ ಕೆಲಸ ನಮ್ಮ ಅಂಗಡಿಗೇ ಬಂತು. ಎಷ್ಟೋ ತಿಂಗಳ ನಂತರ ಬಂದ ಒಳ್ಳೆಯ ಕೆಲಸ. ನಾನು ಕೋಣೆಯಲ್ಲಿ ಕೂತು ಒಂದೇ ಸಲಕ್ಕೆ ತಪ್ಪಿಲ್ಲದೆ ಓದಿದೆ: ಪರಿಷ್ಕೃತ ದರದಂತೆ ತೆರಿಗೆ ಪಾವತಿಸಿ ಸಹಕರಿಸಬೇಕು, ತಪ್ಪಿದಲ್ಲಿ ವಾಹನಗಳನ್ನು ವಶಪಡಿಸಿಕೊಳ್ಳಲಾಗುವುದು. ಓದಿ ಮುಗಿಸಿ ಮರೆತುಬಿಟ್ಟೆ.

ಆ ವಾರವೇ ಸಂಬಂಧಿಕರ ಮನೆಗೆಂದು ಮುಶಿಗೇರಿಗೆ ಹೋಗಿ, ಮರಳಿ ಬರಲು ಕ್ರಾಸಿನಲ್ಲಿ ನಿಂತಿದ್ದೆ. ಕಾಯಿಪಲ್ಲೆ ಬುಟ್ಟಿ ಇಟ್ಟುಕೊಂಡು ಕೂತಿದ್ದ ಹೆಂಗಸೊಬ್ಬಳನ್ನು ಟೆಂಪೋ ಯಾವಾಗ ಬರುತ್ತದೆಂದು ಕೇಳಿದೆ. ಅವಳು ತಟ್ಟನೆ ತಲೆಯೆತ್ತಿದಳು.

"ಗಾಡಿ ಹಿಡಿತೇವಿ ಅಂತ ಒದರಾಕಿ ನೀನ ಹೌದಲ್ಲ?"

"ನಾ ಬರೇ ಓದಾಕೀರಿ," ಎಂದೆ.

"ಓದಾಕಿನೂ ನಿಲ್ಲಬೇಕಾತಲ್ಲ ಈಗ, ನಮ್ಮ ಬಾಜೂಕ," ಎಂದಳು. ಸಿಟ್ಟಿನಿಂದಲ್ಲ. ತುಸು ಸರಿದು ನನಗೂ ನೆರಳಿನಲ್ಲಿ ಜಾಗ ಮಾಡಿಕೊಟ್ಟಳು. ಅವಳ ಹೆಸರು ನೀಲವ್ವ. ಗಜೇಂದ್ರಗಡದ ಸಂತೆಗೆ ಕಾಯಿಪಲ್ಲೆ ಒಯ್ಯುವವಳು. ನಾವು ತಾಸುಗಟ್ಟಲೆ ಕೂತೆವು. ಗಾಡಿ ಹಿಡಿದಾರೆಂಬ ಹೆದರಿಕೆಗೆ ಒಂದು ಟೆಂಪೋವೂ ಬರಲಿಲ್ಲ. ಸಾಲದು ಎಂಬಂತೆ ದೂರದ ಊರಿನಲ್ಲಿ ಎಲ್ಲೋ ನನ್ನದೇ ದನಿ ಗಾಳಿಯಲ್ಲಿ ತೇಲಿ ಬರುತ್ತಿತ್ತು, ಸಹಕರಿಸಬೇಕು, ಸಹಕರಿಸಬೇಕು ಎಂದು. ಬಹಳ ವರ್ಷಗಳ ನಂತರ ನಾನು ಓದಿದ್ದು ನನಗೇ ಕೇಳಿಸಿತು.

ಹಾಗಾಗಿ ಬೆಳವಣಕಿಯ ವೀರೇಶಣ್ಣ ಅಂಗಡಿಗೆ ಬಂದಾಗ ನಾನು ಅರ್ಧ ಒಪ್ಪಿಯೇ ಆಗಿತ್ತು. ಅವರು ಟೆಂಪೋ ಮಾಲೀಕರ ಮುಖಂಡರು, ತಾವೇ ಗಾಡಿ ಓಡಿಸುವವರು, ಮಾತು ಜೋರು.

"ತೆರಿಗಿ ಕಟ್ಟೂದಿಲ್ಲ ಅನ್ನವರಲ್ರಿ ನಾವು. ರಸ್ತೆ ಆಗಬೇಕಂದ್ರ ತೆರಿಗಿ ಬೇಕ. ಆದ್ರ ಪ್ಯಾಟಿ ಮಲಗೇತಿ. ಎದ್ದ ಮ್ಯಾಲ ಏರಸ್ರಿ ಅಂತೇವಿ. ಅಕ್ಕಾರ, ರೋಣದಾಗ ಧರಣಿ ಕೂಡ್ರತೇವಿ. ನೀವ ಬಂದು ಮೈಕ್ ಹಿಡೀಬೇಕು. ಪೆನ್ ಡ್ರೈವ್ ಬ್ಯಾಡ, ನೀವ ಬೇಕು."

ಬಾಷಾಸಾಬರು ತಲೆಯಾಡಿಸಿದರು. "ಮುಂಜಾನಿ ಕಟ್ರಿ ಅಂತ ಅಂದು, ಸಂಜಿಕ ಕಟ್ಟಬ್ಯಾಡ್ರಿ ಅಂದ್ರ ಜನ ಏನಂದಾರು? ಸರಕಾರದ ಕೆಲಸನೂ ಹೋಗತೈತಿ. ನೋಡು, ನಿನಗ ಬಿಟ್ಟದ್ದು."

ನಾನು ಹೋದೆ.

ರೋಣದ ಬಸ್ ನಿಲ್ದಾಣದ ಎದುರು ಅಂದು ಕಾಲಿಡಲು ಜಾಗವಿರಲಿಲ್ಲ. ಟೆಂಪೋದವರು, ಗೂಡ್ಸ್ ಗಾಡಿಯವರು, ಗ್ಯಾರೇಜಿನವರು, ಚಹಾದಂಗಡಿಯವರು. ನಾನು ವೇದಿಕೆಯ ಮೇಲೆ ನಿಂತು ಮನವಿ ಓದುತ್ತಿದ್ದೆ. ಎಷ್ಟೋ ವರ್ಷಗಳ ನಂತರ ಮುಖಗಳು ಕಾಣುತ್ತಿದ್ದವು. ಆಗ ತಿರುವಿನಾಚೆಯಿಂದ ನನ್ನದೇ ದನಿ ಬಂತು.

"ಸಾರ್ವಜನಿಕ ವಾಹನ ಮಾಲೀಕರ ಗಮನಕ್ಕೆ..."

ಮಲ್ಲಪ್ಪನ ಆಟೊ. ಅವನಿಗೆ ಒಪ್ಪಿಸಿದ್ದ ದಾರಿಯಲ್ಲಿ ಅವನು ತನ್ನ ಕೆಲಸ ಮಾಡಿಕೊಂಡು ಬಂದಿದ್ದ. ಜನ ಒಮ್ಮೆ ಆಟೊ ನೋಡಿದರು, ಒಮ್ಮೆ ನನ್ನನ್ನು ನೋಡಿದರು. ಇತ್ತ ನಾನು, ಅತ್ತಲೂ ನಾನು. ಹಿಂದಿನಿಂದ ಯಾರೋ ಕೂಗಿದರು.

"ಎರಡೂ ಕಡೆ ರೊಕ್ಕಾ ತಗೊಂಡಾಳಲೇ ಈಕಿ!"

ಅಷ್ಟೇ ಸಾಕಾಯಿತು. ಗುಂಪು ಆಟೊದ ಸುತ್ತ ಸೇರಿತು. ಒಬ್ಬ ಹಾರ್ನಿಗೆ ಕೈ ಹಾಕಿದ, ಇನ್ನಿಬ್ಬರು ಆಟೊವನ್ನು ಅಲುಗಾಡಿಸತೊಡಗಿದರು. ಒಳಗೆ ಮಲ್ಲಪ್ಪನ ಮುಖ ಬಿಳಿಚಿತ್ತು. ನನ್ನ ಎದೆ ಎಷ್ಟು ಜೋರಾಗಿ ಬಡಿಯುತ್ತಿತ್ತೆಂದರೆ ಮೈಕಿನಲ್ಲಿ ಕೇಳಿಸೀತೆಂದು ಅದನ್ನು ದೂರ ಹಿಡಿದೆ.

"ಕೈ ತಗೀರಿ!" ಎಂದೆ. "ಹಾರ್ನ್ ಹರದ್ರ ದನಿ ನಿಂತೀತು, ತೆರಿಗಿ ನಿಲ್ಲೂದಿಲ್ಲ. ಅದು ನನ್ನ ದನಿನ, ಖರೇ ಐತಿ. ಓದಿದಾಕಿ ನಾನ. ಅದು ಹೇಳೂದು ಹೇಳ್ಲಿ, ನಾ ಇಲ್ಲಿಂದ ಜವಾಬು ಕೊಡತೀನಿ. ಮಲ್ಲಪ್ಪಾ, ಮೊದಲಿಂದ ಹಚ್ಚು. ಒಂದೊಂದ ಸಾಲ ಬಿಡು."

ಆ ಮಾತು ಎಲ್ಲಿಂದ ಬಂತೋ ಗೊತ್ತಿಲ್ಲ. ನಾನು ಬರೆದುಕೊಂಡು ಹೋಗಿರಲಿಲ್ಲ. ಮಲ್ಲಪ್ಪ ಗುಂಡಿ ಒತ್ತಿದ.

"...ತೆರಿಗೆ ಪಾವತಿಸಿ ಸಹಕರಿಸಬೇಕು," ಎಂದಿತು ಆಟೊ. ನಿಂತಿತು.

"ಇಷ್ಟು ವರ್ಷ ನಾವು ಸಹಕರಿಸಿಲ್ಲೇನ್ರಿ?" ಎಂದು ಕೇಳಿದೆ.

"ಸಹಕರಿಸೇವಿ!" ಎಂದಿತು ಜನ.

"ತಪ್ಪಿದಲ್ಲಿ ವಾಹನಗಳನ್ನು ವಶಪಡಿಸಿಕೊಳ್ಳಲಾಗುವುದು."

"ಬರ್ರಿ, ಒಯ್ಯಾಕ ಬರ್ರಿ. ಒಯ್ಯೂಮುಂದ ಒಳಗ ಹಣಿಕಿಹಾಕಿ ನೋಡ್ರಿ. ಸೀಟಿನ್ಯಾಗ ಯಾರರ ಕುಂತಾರೇನು?"

"ಯಾರೂ ಇಲ್ಲ!"

"ಖಾಲಿ ಸೀಟಿಗಿ ತೆರಿಗಿ ಯಾಕ?"

ಅದು ಘೋಷಣೆಯೆಂದು ನಾನು ಹೇಳಿದ್ದಲ್ಲ, ಪ್ರಶ್ನೆಯಾಗಿ ಕೇಳಿದ್ದು. ಜನ ಎತ್ತಿಕೊಂಡರು. ಖಾಲಿ ಸೀಟಿಗಿ ತೆರಿಗಿ ಯಾಕ, ಖಾಲಿ ಸೀಟಿಗಿ ತೆರಿಗಿ ಯಾಕ! ನಿಲ್ದಾಣದ ತಗಡು ನಡುಗಿತು. ಆಟೊ ಅಲುಗಾಡಿಸುತ್ತಿದ್ದವನೇ ಈಗ ಮಲ್ಲಪ್ಪನ ಹೆಗಲ ಮೇಲೆ ಕೈ ಹಾಕಿ "ಇನ್ನೊಮ್ಮಿ ಹಚ್ಚೋ" ಎಂದು ಗೋಗರೆಯುತ್ತಿದ್ದ. ಮಲ್ಲಪ್ಪನಿಗೂ ರಂಗೇರಿ, ಎಲ್ಲಿ ತಡೆಯಬೇಕೋ ಅಲ್ಲಿ ತಡೆದು, ಎಲ್ಲಿ ಬಿಡಬೇಕೋ ಅಲ್ಲಿ ಬಿಟ್ಟ. ನನಗೆ ಕಾಲು ನೆಲದ ಮೇಲಿದ್ದ ನೆನಪಿಲ್ಲ.

ಬಾಷಾಸಾಬರು ಗುಂಪಿನ ಹಿಂದೆ ನಿಂತಿದ್ದರಂತೆ. ಸಂಜೆ ಅಂಗಡಿಗೆ ಹೋದಾಗ ಬೈಯುತ್ತಾರೆಂದುಕೊಂಡಿದ್ದೆ.

"ಕಡೀಕ ಮೈಕ್ ಬಾಯಿಗಿ ಭಾಳ ಹತ್ತಿರ ಒಯ್ದಿ. ದನಿ ಸೀಳಿತು," ಎಂದರು. ಆಮೇಲೆ ಇಲಾಖೆಯವರು ತಮ್ಮ ಪ್ರಕಟಣೆಗೆ ಬೇರೆ ಊರಿನ ದನಿ ತಂದರು. ಅದರಲ್ಲಿ ಅವರ ತಪ್ಪೇನೂ ಇಲ್ಲ, ಅವರ ಜಾಗದಲ್ಲಿ ಯಾರಿದ್ದರೂ ಹಾಗೆಯೇ ಮಾಡುತ್ತಿದ್ದರು. ಅಂಗಡಿಗೆ ಪೆಟ್ಟು ಬಿದ್ದದ್ದಂತೂ ನಿಜ. ಬಾಷಾಸಾಬರು ಆ ತಿಂಗಳು ಒಂದು ಆಂಪ್ಲಿಫೈಯರ್ ಮಾರಿದರು, ನನ್ನ ಮುಂದೆ ಆ ಮಾತೆತ್ತಲಿಲ್ಲ.

ರೋಣದ ಧರಣಿಯ ಸುದ್ದಿ ಮೊಬೈಲಿನಲ್ಲಿ ಹರಿದಾಡಿ ನರಗುಂದ, ರೋಣ, ಗಜೇಂದ್ರಗಡ ಮೂರೂ ಊರಿನ ಮಾಲೀಕರು ಒಂದಾದರು. ಖಾಲಿ ಟೆಂಪೋಗಳ ಮೆರವಣಿಗೆ ತೆಗೆಯುವುದೆಂದು ವೀರೇಶಣ್ಣ ತೀರ್ಮಾನಿಸಿದರು. ನರಗುಂದದಿಂದ ಹೊರಟು, ರೋಣದ ಮೇಲೆ ಹಾಯ್ದು, ಗಜೇಂದ್ರಗಡದ ತಹಶೀಲ್ದಾರ ಕಚೇರಿಯವರೆಗೆ. ಅಲ್ಲಿ ಸಾರಿಗೆಯ ದೊಡ್ಡ ಅಧಿಕಾರಿ ಬಂದು ಮನವಿ ತೆಗೆದುಕೊಳ್ಳುವರೆಂದು ಗೊತ್ತಾಗಿತ್ತು. ಒಂದೇ ಷರತ್ತು: ಚಾಲಕನ ಹೊರತು ಒಬ್ಬರೂ ಒಳಗೆ ಕೂಡಬಾರದು.

ಮುಂದೆ ಮಲ್ಲಪ್ಪನ ಆಟೊ, ಅದರಲ್ಲಿ ನಾನು. ಹಿಂದೆ ಕಣ್ಣು ಹಾಯುವವರೆಗೆ ಟೆಂಪೋಗಳು, ಹಗಲಲ್ಲೇ ದೀಪ ಹಚ್ಚಿಕೊಂಡು. ಕರಿ ಹೊಲಗಳಲ್ಲಿ ಕಡಲೆ ಕೀಳುತ್ತಿದ್ದವರು ಎದ್ದು ನಿಂತು ನೋಡಿದರು. ಊರು ಬಂದಾಗಲೆಲ್ಲ "ಖಾಲಿ ಸೀಟ ನೋಡ್ರಿ, ಎಣಸ್ರಿ" ಎನ್ನುತ್ತಿದ್ದೆ. ಹುಡುಗರು ನಿಜವಾಗಿಯೂ ಎಣಿಸುತ್ತ ಓಡಿಬರುತ್ತಿದ್ದರು. ಅಂಥ ಹುರುಪು ನಾನು ಯಾವ ಚುನಾವಣೆಯಲ್ಲೂ ಕಂಡಿರಲಿಲ್ಲ.

ಮುಶಿಗೇರಿ ಕ್ರಾಸಿನಲ್ಲಿ ಹೆಂಗಸರ ದಂಡು ದಾರಿಗೆ ಅಡ್ಡ ನಿಂತಿತ್ತು. ಮುಂದೆ ನೀಲವ್ವ. ನಮಗೆ ಆರತಿ ಮಾಡಲು ಬಂದಿದ್ದಾರೆಂದುಕೊಂಡೆ. ಗಾಡಿಗಳು ನಿಂತದ್ದೇ ತಡ, ಎಲ್ಲರೂ ಬುಟ್ಟಿ ಸಮೇತ ಹತ್ತಿ ಕೂತರು. ವೀರೇಶಣ್ಣ ಓಡಿ ಬಂದರು.

"ಇಳೀರಿ, ಇಳೀರಿ! ಖಾಲಿ ಗಾಡಿ ಮೆರವಣಿಗಿ ಐತಿ ಇದು!"

"ಎಲ್ಲಿಗಿ ಹೊಂಟೀರಿ?" ಎಂದಳು ನೀಲವ್ವ.

"ಗಜೇಂದ್ರಗಡಕ್ಕ."

"ನಾವೂ ಅಲ್ಲಿಗೇ. ಕಣ್ಣ ಮುಂದ ಇಷ್ಟು ಗಾಡಿ ಖಾಲಿ ಹೊಂಟಾಗ ನಾವು ಬುಟ್ಟಿ ಹೊತ್ಕೊಂಡು ನಡಕೋತ ಹೋಗೂದೇನು? ಟಿಕೀಟಿನ ರೊಕ್ಕಾ ಅಂತೂ ಕೇಳಬ್ಯಾಡ್ರಿ, ಇಲ್ಲ."

ವೀರೇಶಣ್ಣ ನನ್ನ ಕಡೆ ನೋಡಿದರು. ನಾನು ಆಕಾಶ ನೋಡಿದೆ. ಇಳಿಸಲು ಯಾರಿಗೂ ಮನಸ್ಸು ಬರಲಿಲ್ಲ. ಮುಂದಿನ ಊರುಗಳಲ್ಲೂ ಅದೇ ಕಥೆ. ಗುಡ್ಡದ ಮೇಲಿನ ಗಾಳಿಯಂತ್ರಗಳು ಕಾಣುವ ಹೊತ್ತಿಗೆ ನಮ್ಮ ಖಾಲಿ ಮೆರವಣಿಗೆಯಲ್ಲಿ ಒಂದು ಸೀಟೂ ಖಾಲಿ ಇರಲಿಲ್ಲ. ನಾನು ಮೈಕ್ ಆರಿಸಿ ಸುಮ್ಮನೆ ಕೂತೆ. ಹೇಳಲು ಒಂದು ಸಾಲೂ ಉಳಿದಿರಲಿಲ್ಲ.

ಅಧಿಕಾರಿಗಳು ಮೆಟ್ಟಿಲ ಮೇಲೆಯೇ ನಿಂತಿದ್ದರು. ವಯಸ್ಸಾದವರು, ಸಮಾಧಾನಿ. ಟೆಂಪೋಗಳತ್ತ ಉದ್ದಕ್ಕೂ ಕಣ್ಣಾಡಿಸಿದರು.

"ಖಾಲಿ ಅದಾವ ಅಂತ ಹೇಳಿದ್ರಿ. ತುಂಬಿ ತುಳಕಾಕ್ಹತ್ತ್ಯಾವಲ್ಲ?"

ವೀರೇಶಣ್ಣನ ಮುಖ ಕೆಂಪಾಯಿತು. ಇಷ್ಟು ದೂರ ಬಂದದ್ದೆಲ್ಲ ಆ ಒಂದು ಮಾತಿನಲ್ಲಿ ಮುಗಿದುಹೋಯಿತು ಎನಿಸಿತು. ಆಗ ನೀಲವ್ವ ಇಳಿದು ಬಂದು ನನ್ನ ಕೈಯಿಂದ ಮೈಕ್ ತೆಗೆದುಕೊಂಡಳು. ನಾನು ಅದನ್ನು ಮತ್ತೆ ಚಾಲೂ ಮಾಡಿದೆ.

"ನಾವು ಪುಕ್ಕಟ ಬಂದೇವ್ರಿ ಸಾಹೇಬ್ರ. ಅದಕ್ಕ ತುಂಬ್ಯಾವ."

"ಹಂಗಾದ್ರ ಯಾವಾಗಲೂ ನಡಕೋತ ಬರತೀರೇನು ಸಂತಿಗಿ?" ಅವರು ನಿಜಕ್ಕೂ ತಿಳಿದುಕೊಳ್ಳಲು ಕೇಳಿದರು.

"ಬರೂದ ಬಿಟ್ಟೇವ್ರಿ."

ಎರಡು ಮಾತು. ಗುಡ್ಡಕ್ಕೆ ಬಡಿದು ಅವು ಹಿಂದಕ್ಕೆ ಬಂದವು. ಅಧಿಕಾರಿಗಳು ವೀರೇಶಣ್ಣನ ಕೈಯಿಂದ ಮನವಿ ತೆಗೆದುಕೊಂಡು ಓದಿದರು.

"ಗಾಡಿ ಖಾಲಿ ಅನ್ನೂದು ನನಗ ಗೊತ್ತಿತ್ರಿ. ಸರಕಾರದ ಖಜಾನಿನೂ ಖಾಲಿ ಐತಿ, ಅದೂ ಖರೇನ. ಆದ್ರ ಇದು ನಿಮ್ಮ ಮನವಿಯೊಳಗ ಇಲ್ಲ," ಎಂದು ಕೈಯಲ್ಲಿದ್ದ ಹಾಳೆ ತೋರಿಸಿದರು. "ಇದನ್ನ ಬರೀರಿ. ಜನ ಸಂತಿಗಿ ಬರೂದ ಬಿಟ್ಟಾರ ಅನ್ನೂದು ಬರೀರಿ. ನಾ ಮ್ಯಾಲ ಮುಟ್ಟಸ್ತೀನಿ. ಮುಟ್ಟಸೂದಷ್ಟ ನನ್ನ ಕೈಯಾಗ ಐತಿ."

ಟೆಂಪೋದ ಬಾನೆಟ್ಟಿನ ಮೇಲೆ ಹಾಳೆ ಇಟ್ಟು ಹೊಸದಾಗಿ ಬರೆದೆವು. ಮೊದಲ ಸಹಿ ನೀಲವ್ವನದು, ಎರಡನೆಯದು ವೀರೇಶಣ್ಣನದು. ಬರೆಯುವವರೆಗೆ ಅಧಿಕಾರಿಗಳು ಬಿಸಿಲಿನಲ್ಲೇ ನಿಂತು ಕಾದರು.

ಮುಂದಿನ ದಿನಗಳು ಬಹಳ ಕಠಿಣವಾಗಿದ್ದವು. ದಿನಕ್ಕೊಂದು ಗಾಳಿಸುದ್ದಿ. ಒಂದು ಬೆಳಿಗ್ಗೆ ತೆರಿಗೆ ಹೋಯಿತಂತೆ ಎನ್ನುವರು, ಸಂಜೆಗೆ ಸುಳ್ಳಂತೆ ಎನ್ನುವರು. ಕೆಲವರು ಗಾಡಿ ಮಾರಿಯೇಬಿಟ್ಟರು. ನಮ್ಮ ಹಾಗೆಯೇ ಬೇರೆ ಜಿಲ್ಲೆಗಳಲ್ಲೂ ಜನ ಕೂತಿದ್ದಾರೆಂದು ಟಿವಿಯಲ್ಲಿ ನೋಡಿದಾಗ ಮತ್ತೆ ಆಸೆ ಚಿಗುರುತ್ತಿತ್ತು.

ಕೊನೆಗೊಂದು ದಿನ ವೀರೇಶಣ್ಣ ಫೋನ್ ಮಾಡಿದರು. "ಅಕ್ಕಾರ, ಆದೇಶ ಬಂದೈತಂತ. ಯಾರೂ ನಂಬವಲ್ರು. ನೀವ ಬಂದು ಓದ್ರಿ." ಮಲ್ಲಪ್ಪ ಆಟೊ ಓಡಿಸಿದ ರಭಸಕ್ಕೆ ಬೆಳವಣಕಿ ಬಂದದ್ದೇ ತಿಳಿಯಲಿಲ್ಲ. ಊರ ಹೊರಗಿನ ಬಯಲಿನಲ್ಲಿ ಟೆಂಪೋಗಳು ಸುತ್ತ ನಿಂತಿದ್ದವು. ಚಾಲಕರೆಲ್ಲ ಬಾಗಿಲು ತೆರೆದುಕೊಂಡು ತಮ್ಮ ತಮ್ಮ ಜಾಗದಲ್ಲಿ ಕೂತಿದ್ದರು, ಕೀಲಿಯ ಮೇಲೆ ಕೈಯಿಟ್ಟುಕೊಂಡು. ವೀರೇಶಣ್ಣ ಕೊಟ್ಟ ಆದೇಶದ ಹಾಳೆಯನ್ನು ಮೊದಲು ನಾನು ಮನಸ್ಸಿನಲ್ಲೇ ಓದಿಕೊಂಡೆ. ಪೂರ್ತಿ ಗೆಲುವಾಗಿರಲಿಲ್ಲ. ಗೂಡ್ಸ್ ಗಾಡಿಗಳ ಏರಿಕೆ ಹಾಗೆಯೇ ಉಳಿದಿತ್ತು, ಅದಕ್ಕೆ ಅವರು ಆಮೇಲೂ ಹೋರಾಡಬೇಕಾಯಿತು. ಪ್ರಯಾಣಿಕರ ಗಾಡಿಗಳದು ಮಾತ್ರ ನಿಂತಿತ್ತು.

ಮೈಕ್ ಹಿಡಿದೆ.

"ಪ್ರಯಾಣಿಕ ವಾಹನಗಳ ರಸ್ತೆ ತೆರಿಗೆ ಏರಿಕೆಯನ್ನು ಮುಂದಿನ ಆದೇಶದವರೆಗೆ ತಡೆಹಿಡಿ..."

ಸಾಲು ಮುಗಿಸಲು ಅವರು ಬಿಡಲಿಲ್ಲ. ಬಯಲಿನಲ್ಲಿದ್ದ ಅಷ್ಟೂ ಎಂಜಿನ್ನುಗಳು ಒಮ್ಮೆಲೇ ಶುರುವಾದವು, ಅಷ್ಟೂ ಹಾರ್ನುಗಳು ಒಟ್ಟಿಗೆ ಕೂಗಿದವು, ವೀರೇಶಣ್ಣ ತಮ್ಮ ಗಾಡಿಯ ಮೇಲೆ ಹತ್ತಿ ಟವೆಲ್ ಬೀಸುತ್ತ ಏನೋ ಅರಚುತ್ತಿದ್ದರು. ನಾನು ಇನ್ನೂ ಓದುತ್ತಲೇ ಇದ್ದೆ. ಬಾಯಿ ಆಡುತ್ತಿತ್ತು, ಒಂದಕ್ಷರವೂ ಯಾರಿಗೂ ಮುಟ್ಟುತ್ತಿರಲಿಲ್ಲ. ನನ್ನ ಇಡೀ ಕೆಲಸದ ಬದುಕಿನಲ್ಲಿ ನನ್ನ ಮಾತು ಯಾರಿಗೂ ಕೇಳಿಸದೆ ಹೋಗಿದ್ದಕ್ಕೆ ನಾನು ಕುಣಿದಾಡಿದ್ದು ಅದೊಂದೇ ಸಲ.